ಸಿದ್ಧಪೇಟ ಮಹಾಶಯರ ಸನ್ನಿಧಾನಕ್ಕೊಂದು ಬಹಿರಂಗ ಪತ್ರ

ಸಕಲ ಸನ್ಮಾನ ಸಮಾರಂಭಗಳ ಶಿರೋಭೂಷಣರೂ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆಗಳೆಂಬ ಚತುರಂಗಬಲಕ್ಕೆ ಅಧಿನಾಯಕರೂ, ಮಹಾರಾಜರ ಕಾಲದ ಮೈಸೂರು ಪೇಟದ ವಂಶದಲ್ಲಿ ಜನಿಸಿದವರೆಂದು ಹೇಳಿಕೊಳ್ಳತಕ್ಕವರೂ ಆದ ಶ್ರೀಮಾನ್ ಸಿದ್ಧಪೇಟ ಮಹಾಶಯರಿಗೆ, ಕಲಬುರಗಿಯ ನಿವೃತ್ತ ಉಪಾಧ್ಯಾಯನೊಬ್ಬನ ಸಾಷ್ಟಾಂಗ ಪ್ರಣಾಮಗಳು. ಉಭಯ ಕುಶಲೋಪರಿ ಸಾಂಪ್ರತ. ತೆಲಂಗಾಣದಲ್ಲಿ ಸಿದ್ದಿಪೇಟೆಯೆಂಬ ಊರೊಂದು ಇರುವುದರಿಂದ ಅಂಚೆಯವರು ಈ ಕಾಗದವನ್ನು ಅತ್ತ ಒಯ್ದುಬಿಟ್ಟಾರೆಂಬ ಶಂಕೆಯೂ, ತಾವು ಯಾವ ತಲೆಯ ಮೇಲೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲದವರಾದ ಕಾರಣ ತಮಗೆ ಸ್ಥಿರವಾದ ವಿಳಾಸವೇ ಇಲ್ಲವೆಂಬ ಅರಿವೂ ಕೂಡಿ, ಇದನ್ನು ಬಹಿರಂಗವಾಗಿಯೇ ಬರೆಯುವಂತಾಯಿತು, ಮನ್ನಿಸಬೇಕು.

ನಮ್ಮ ಪ್ರಥಮ ಸಮಾಗಮ ತಮ್ಮ ನೆನಪಿನಲ್ಲಿರಲಾರದು. ಇದೇ ನಗರದ ಸಭಾಭವನವೊಂದರಲ್ಲಿ, ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದ ತಪ್ಪಿಗಾಗಿ ನನ್ನನ್ನೂ ಸೇರಿಸಿ ಏಳು ಮಂದಿಯನ್ನು ಸಾಲಾಗಿ ಕುಳ್ಳಿರಿಸಿದ್ದರು. ಸಂಘಟಕರು ಏಳು ಶಾಲುಗಳನ್ನೂ ಏಳು ಹಾರಗಳನ್ನೂ ತಂದವರು, ಪೇಟವನ್ನು ಮಾತ್ರ ಒಂದೇ ತಂದಿದ್ದರು. ತಾವು ಮೊದಲನೆಯವರ ಶಿರವನ್ನೇರಿ, ಛಾಯಾಗ್ರಾಹಕನ ಬೆಳಕು ಮಿಂಚಿದೊಡನೆ ಇಳಿದು, ಎರಡನೆಯವರಿಗೆ, ಅಲ್ಲಿಂದ ಮೂರನೆಯವರಿಗೆ, ಹೀಗೆ ಆರು ತಲೆಗಳ ಕೊಬ್ಬರಿ ಎಣ್ಣೆಯ ಸೌರಭವನ್ನು ಸಂಗ್ರಹಿಸಿಕೊಂಡು ಏಳನೆಯವನಾದ ನನ್ನಲ್ಲಿಗೆ ದಯಮಾಡಿಸಿದಾಗ, ನನ್ನ ತಲೆ ಚಿಕ್ಕದೋ ತಮ್ಮ ಔದಾರ್ಯ ದೊಡ್ಡದೋ, ಹುಬ್ಬುಗಳನ್ನು ದಾಟಿ ಮೂಗಿನ ಬುಡದಲ್ಲಿ ಬಂದು ವಿಶ್ರಮಿಸಿದಿರಿ. ಆ ಅಂಧಕಾರದಲ್ಲಿ ನನಗೆ ತಮ್ಮ ಅಂತರಂಗದ ದರ್ಶನವಾಯಿತು: ಮೇಲೆ ಜರಿ, ಒಳಗೆ ರಟ್ಟು, ರಟ್ಟಿಗೂ ಬಟ್ಟೆಗೂ ನಡುವೆ ಒಣಗಿದ ಅಂಟು, ಅಂಚಿನಲ್ಲಿ ಬೆಲೆಯ ಚೀಟಿಯನ್ನು ಕೀಳಹೋಗಿ ಅರ್ಧಕ್ಕೇ ಕೈಬಿಟ್ಟ ಗುರುತು. ಸ್ವಯಂಸೇವಕ ಹುಡುಗನೊಬ್ಬ ಹಿಂದಿನಿಂದ ಎರಡು ಬೆರಳು ಕೊಟ್ಟು ತಮ್ಮನ್ನು ಎತ್ತಿಹಿಡಿದ ಪುಣ್ಯದಿಂದ ಚಿತ್ರದಲ್ಲಿ ನನ್ನ ಒಂದು ಕಣ್ಣು ಕಾಣುತ್ತದೆ. ಅದನ್ನು ಮನೆಯಲ್ಲಿ ತೋರಿಸಿದಾಗ ನನ್ನ ಧರ್ಮಪತ್ನಿ ಬಹಳ ಹೊತ್ತು ದಿಟ್ಟಿಸಿ ನೋಡಿ, “ಇವರು ಯಾರ್ರೀ?” ಎಂದಳು.

ಅಪಮಾನವಾದರೆ ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಹೋಗಿ ಕೂರುವುದು ಉಪಾಧ್ಯಾಯರ ಹಳೆಯ ಚಾಳಿ. ತಮ್ಮ ಪೂರ್ವಿಕರು ಯಾರು, ಯಾವ ಕೈಗಳು ಅವರನ್ನು ರೂಪಿಸಿದುವು ಎಂಬುದನ್ನು ಅರಿಯುವ ಹಂಬಲದಿಂದ ಮರುವಾರವೇ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಡೆದೆ. ಹದಿನಾಲ್ಕನೆಯ ಶತಮಾನದ ಎರಡು ಗುಮ್ಮಟದ ಕಟ್ಟಡಗಳಲ್ಲಿ ಅದು ನೆಲೆಸಿದೆ. ಕಟ್ಟಡವೇ ತಲೆಯ ಮೇಲೆ ಅಷ್ಟು ದೊಡ್ಡ ಟೊಪ್ಪಿಗೆಯನ್ನಿಟ್ಟುಕೊಂಡು ನಿಂತಿರುವಾಗ ಒಳಗೆ ಬೇರೆ ಟೊಪ್ಪಿಗೆಯೇಕೆ ಎಂದು ಕೇಳುವವನು ನಾನಲ್ಲ. ಒಳಗೆ ಶಾಸನಗಳುಂಟು, ಜಿನಬಿಂಬಗಳುಂಟು, ಸನ್ನತಿಯ ಕಡೆಯಿಂದ ಬಂದ ಬೌದ್ಧ ಶಿಲ್ಪಗಳುಂಟು. ಜಿನನು ವೈರಾಗ್ಯದಿಂದಲೇ ಬರಿದಲೆಯವನು; ದೇವತೆಗಳಿಗೆ ಕಿರೀಟವುಂಟು, ಅದನ್ನು ಕೊಟ್ಟವನು ಶಿಲ್ಪಿ, ದರ್ಜಿಯಲ್ಲ. ಆದರೆ ಸನ್ನತಿಯ ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ “ರಾಯೊ ಅಸೋಕೊ” ಎಂದು ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೊರೆದ ಅಶೋಕ ಚಕ್ರವರ್ತಿಯ ಫಲಕವೊಂದು ದೊರೆತಿರುವುದಷ್ಟೆ. ಆ ಸಾತವಾಹನ ಯುಗದ ಶಿಲ್ಪಗಳಲ್ಲಿ ಗಂಡಸರು ತಲೆಗೆ ಬಳಸಿದ ಬಟ್ಟೆಯ ಸುತ್ತುಗಳನ್ನೂ, ಅವುಗಳ ಮೇಲೆ ಉಬ್ಬಿ ನಿಂತ ಗಂಟನ್ನೂ ಕಂಡವರಿಗೆ, ಭೀಮಾತೀರದಲ್ಲಿ ಮುಂಡಾಸು ಸುತ್ತುವ ವಿದ್ಯೆ ಎರಡು ಸಾವಿರ ವರ್ಷಗಳಷ್ಟಾದರೂ ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಗಂಟು ಕಟ್ಟಿದ ಗಂಟು, ಮಹಾಶಯರೇ. ಕಲ್ಲಿನಲ್ಲಿಯೂ ಅದು ಸಡಿಲಿಸಲು ಬರುವಂತೆ ಕಾಣುತ್ತದೆ.

ತಲೆಯುಡುಗೆಯ ಕಸುಬಿಗೇ ಮೀಸಲಾದ ಒಂದು ಸಣ್ಣ ವಸ್ತುಸಂಗ್ರಹಾಲಯ ನಮ್ಮ ಕಡೆ ಎಲ್ಲಿಯಾದರೂ ಉಂಟೋ ಎಂದು ರಾಜಧಾನಿಯಲ್ಲಿರುವ ನನ್ನ ಷಡ್ಡಕನನ್ನು ದೂರವಾಣಿಯಲ್ಲಿ ಕೇಳಿದೆ. “ನಿಮ್ಮ ಪಕ್ಕದಲ್ಲೇ ಕಮಲಾಪುರವಿದೆಯಲ್ಲ, ಅಲ್ಲಿ ದೊಡ್ಡ ಮ್ಯೂಸಿಯಂ ಇದೆ” ಎಂದು ಆತ ನಿಸ್ಸಂಶಯವಾಗಿ ನುಡಿದ. ಅವನು ಹೇಳಿದ್ದು ಹಂಪಿಯ ಮಗ್ಗುಲಿನ ಕಮಲಾಪುರ. ಅಲ್ಲಿ ಪುರಾತತ್ತ್ವ ಸರ್ವೇಕ್ಷಣದ ಸಂಗ್ರಹಾಲಯವಿರುವುದು ನಿಜ. ವಿಜಯನಗರದ ಅರಸರಾದರೋ ಕುಳ್ಳಾಯಿಯೆಂಬ ಎತ್ತರದ ಟೊಪ್ಪಿಗೆಯನ್ನು ಧರಿಸುತ್ತಿದ್ದವರು. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನ ಲೋಹಪ್ರತಿಮೆ ಇಂದಿಗೂ ಅದನ್ನು ತೊಟ್ಟು ಕೈಮುಗಿದು ನಿಂತಿದೆ. ಪಾರಸಿಕರ ‘ಕುಲಾಹ್’ ಎಂಬ ಶಬ್ದ ಅರಸರ ತಲೆಯ ಮೇಲೆ ಕುಳ್ಳಾಯಿಯಾಗಿ, ನಮ್ಮ ಮನೆಗಳ ತೊಟ್ಟಿಲಿನಲ್ಲಿ ಕೂಸಿನ ಕುಲಾವಿಯಾಗಿ ಉಳಿದಿರುವುದು ಭಾಷೆಯ ಚಮತ್ಕಾರ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯನ್ನು ಬಾಲ್ಯದಿಂದ ಕೇಳುತ್ತಿದ್ದರೂ, ಸನ್ಮಾನಕ್ಕೆ ತಕ್ಕ ತಲೆ ಹುಟ್ಟುವ ಮುನ್ನವೇ ಡಜನುಗಟ್ಟಲೆ ತಯಾರಾಗಿ ಕಪಾಟಿನಲ್ಲಿ ಕುಳಿತಿರುವ ತಮ್ಮನ್ನು ಕಂಡಮೇಲೆಯೇ ಅದರ ಅರ್ಥ ನನಗೆ ಪೂರ್ಣವಾಗಿ ಆದದ್ದು.

ನಮ್ಮ ಕಮಲಾಪುರ ಬೇರೆ. ಬೀದರಿನ ಹೆದ್ದಾರಿಯಲ್ಲಿ ಮಹಾಗಾಂವವನ್ನು ದಾಟಿ ಹೋದರೆ ಸಿಗುವ, ಈಚೆಗೆ ತಾಲ್ಲೂಕು ಪದವಿಗೇರಿದ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು ಅದು. ಆ ಬಾಳೆ ಉಳಿದ ಬಾಳೆಗಳಂತೆ ಅವಸರಪಡದೆ, ಗೊನೆ ಕೊಡಲು ಒಂದೂವರೆ ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತದೆ; ಭೌಗೋಳಿಕ ಗುರುತಿನ ಮುದ್ರೆಯೂ ಅದಕ್ಕೆ ದೊರೆತಿದೆ. ಸಂಗ್ರಹಾಲಯವಿಲ್ಲದ ಕಮಲಾಪುರಕ್ಕೇ ಹೋಗೋಣವೆಂದು ಬಸ್ಸು ಹತ್ತಿ ಇಳಿದಾಗ ಚೈತ್ರದ ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಬೇವಿನ ಮರದಡಿಯಲ್ಲಿ ವೃದ್ಧರೊಬ್ಬರು ತಮ್ಮ ಪಟಗವನ್ನು ಬಿಚ್ಚಿ ಝಾಡಿಸಿ, ಮತ್ತೆ ಸುತ್ತಿಕೊಳ್ಳಲು ಅಣಿಯಾಗಿದ್ದರು. ಒಂದು ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ದೂರದಲ್ಲಿ ನಿಂತ ಮೊಮ್ಮಗನ ಕೈಗೆ ಕೊಟ್ಟು, ಅವನು ಬಟ್ಟೆಯನ್ನು ಹುರಿಗೊಳಿಸುತ್ತಾ ಹತ್ತಿರ ಹತ್ತಿರ ಬಂದಂತೆಲ್ಲ, ಎಡಗಿವಿಯ ಮೇಲಿಂದ ಬಲಕ್ಕೆ ಓರೆಯಾಗಿ ಒಂದು ಸುತ್ತು, ಬಲಗಿವಿಯ ಮೇಲಿಂದ ಎಡಕ್ಕೆ ಅದನ್ನು ಕತ್ತರಿಸಿದಂತೆ ಇನ್ನೊಂದು ಸುತ್ತು, ಹೀಗೆ ಹಾಕುತ್ತಾ ಹೋಗಿ, ಕೊನೆಗೆ ಹಲ್ಲಿನಲ್ಲಿದ್ದ ಸೆರಗನ್ನು ಬಿಟ್ಟು, ಅದು ಕುತ್ತಿಗೆಯ ಹಿಂದೆ ನೆರಳಾಗುವಂತೆ ಇಳಿಸಿ, ಮೊಮ್ಮಗನ ಕೈಯಲ್ಲಿದ್ದ ತುದಿಯನ್ನು ಹೆಬ್ಬೆರಳಿನಿಂದ ಒಳಗೆ ಸಿಕ್ಕಿಸಿದರು. ಕನ್ನಡಿಯಿಲ್ಲ, ಟಾಚಣಿಯಿಲ್ಲ, ಹಿಂದಿನಿಂದ ಎತ್ತಿಹಿಡಿಯುವ ಸ್ವಯಂಸೇವಕನಿಲ್ಲ. ಅಂಗೈಯಿಂದ ಒಮ್ಮೆ ತಟ್ಟಿ ನೋಡಿದರು, ಅದು ಅಲುಗಲಿಲ್ಲ.

“ಎಷ್ಟು ಮೊಳ ಅದರಿ ಇದು, ಯಜಮಾನ್ರೆ?” ಎಂದೆ.

“ಹದಿನಾರು ಮೊಳ ಅದ ನೋಡ್ರಿ. ನಮ್ಮಪ್ಪಂದು ಇಪ್ಪತ್ತಿತ್ತು.”

ಪೇಟೆಯಲ್ಲಿ ಸಿದ್ಧವಾದದ್ದೇ ಸಿಕ್ಕುತ್ತದೆ, ಸುತ್ತುವ ತೊಂದರೆಯಿಲ್ಲ, ಹಾಗೆಯೇ ಇಟ್ಟುಕೊಳ್ಳಬಹುದು ಎಂದು ತಮ್ಮ ಪರವಾಗಿ ಎರಡು ಮಾತು ಹೇಳಿದೆ. ಮುದುಕರು ಆಲೋಚಿಸಿ ಕೇಳಿದರು: “ಅದರಿಂದ ಬಾವ್ಯಾಗಿನ ನೀರು ಸೇದ್ಲಾಕ ಬರ್ತದೇನ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ; ತಮ್ಮಲ್ಲಿಯೂ ಇರಲಾರದು. ಹಗ್ಗ ಸಾಲದ ಬಾವಿಗೆ ಹಗ್ಗವಾಗಿ, ಸಂತೆಯಲ್ಲಿ ಗಂಟಾಗಿ, ಹೊಲದ ಬದುವಿನಲ್ಲಿ ತಲೆದಿಂಬಾಗಿ, ಹಾವು ಕಚ್ಚಿದವನ ಕಾಲಿಗೆ ಕಟ್ಟಾಗಿ ದುಡಿದು, ಸಾಯಂಕಾಲ ಮತ್ತೆ ಗೌರವವಾಗಿ ತಲೆಯೇರುವ ವಸ್ತುವಿನ ಎದುರಿಗೆ, ಗೌರವವೊಂದನ್ನೇ ಉದ್ಯೋಗವಾಗಿ ಮಾಡಿಕೊಂಡ ತಾವು ಏನನ್ನು ಹೇಳುವಿರಿ?

ಟೊಪ್ಪಿಗೆಯ ಚರಿತ್ರೆ ಈ ಸೀಮೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಕಚೇರಿಗಳಿಗೆ ಕುಚ್ಚಿನ ಕೆಂಪು ರೂಮಿ ಟೋಪಿಯೇ ಲಕ್ಷಣ. ತುರ್ಕಿಯಲ್ಲಿ ಕೆಮಾಲ್ ಪಾಷಾ 1925ರಲ್ಲಿ ಕಾನೂನು ಮಾಡಿ ಅದನ್ನು ತಲೆಗಳಿಂದ ಇಳಿಸಿದ ಮೇಲೂ ಹೈದರಾಬಾದಿನ ಸೀಮೆಯಲ್ಲಿ ಅದು ನಿಶ್ಚಿಂತೆಯಿಂದ ಕುಳಿತಿತ್ತು. 1937ರಲ್ಲಿ ‘ಟೈಮ್’ ಪತ್ರಿಕೆ ಜಗತ್ತಿನ ಅತ್ಯಂತ ಸಿರಿವಂತನೆಂದು ಮುಖಪುಟದಲ್ಲಿ ಅಚ್ಚುಹಾಕಿದ ನಿಜಾಮ ಉಸ್ಮಾನ್ ಅಲಿ ಖಾನರು ಮಾಸಿದ ಹಳೆಯ ಟೋಪಿಯೊಂದನ್ನೇ ಬಿಡದೆ ಧರಿಸುತ್ತಿದ್ದುದು ಲೋಕಪ್ರಸಿದ್ಧ. ಸಂಪತ್ತಿದ್ದವರಿಗೆ ಹೊಸ ಪೇಟ ಬೇಕಾಗುವುದಿಲ್ಲವೆಂಬುದನ್ನು ತಾವು ಗಮನಿಸಬೇಕು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದ ತರುವಾಯ ಕೆಂಪು ಇಳಿಯಿತು, ಗಾಂಧಿ ಟೊಪ್ಪಿಗೆಯ ಬಿಳುಪು ಏರಿತು. ಟೊಪ್ಪಿಗೆಗಳು ಬದಲಾದವು, ತಲೆಗಳು ಅವೇ ಎಂದು ನಮ್ಮ ಹಿರಿಯರು ಮೀಸೆಯಲ್ಲೇ ನಗುತ್ತಿದ್ದರು. ಕಾಶ್ಮೀರದ ಟೋಪಿಯನ್ನು ನೋಡಿ ಅದನ್ನು ರೂಪಿಸಿದ ಮಹಾತ್ಮರಾದರೋ ಸ್ವತಃ ಅದನ್ನು ಧರಿಸಿದ್ದು ಒಂದೆರಡು ವರ್ಷ ಮಾತ್ರ; 1921ರಲ್ಲಿ ಮಧುರೆಯಲ್ಲಿ ಮೊಳಕಾಲ ಪಂಚೆಗೆ ಇಳಿದಾಗ ತಲೆಯನ್ನೂ ಬರಿದುಮಾಡಿಕೊಂಡರು. ಇತ್ತ ನಮ್ಮ ಮದುವೆಗಳಲ್ಲಿ ಆಹೇರಿಯ ಟೊಪ್ಪಿಗೆ-ಟಾವೆಲುಗಳಾಗಿ ಆ ಬಿಳಿಯ ನೌಕೆಗಳು ಇನ್ನೂ ಸಂಚರಿಸುತ್ತಿವೆ. ಗಂಜಿಯ ಬಲದಿಂದ ನಿಂತಿರುವ ಅಂಥದೊಂದರ ಒಳಗಡೆ ಗುರುತಿಗೆಂದು ನಾನು ಪೆನ್ಸಿಲಿನಿಂದ ಚುಕ್ಕೆಯಿಟ್ಟು ಬೀಗರಿಗೆ ಕೊಟ್ಟಿದ್ದೆ; ನಾಲ್ಕು ಮದುವೆ, ಎರಡು ಗೃಹಪ್ರವೇಶಗಳನ್ನು ಕಂಡು, ಮೂರನೆಯ ವರ್ಷ ಅದು ಚುಕ್ಕೆಯ ಸಮೇತ ನನ್ನ ತಲೆಗೇ ಮರಳಿತು. 2014ರಲ್ಲಿ ನಮ್ಮೂರಿಗೂ 2019ರಲ್ಲಿ ನಮ್ಮ ಸೀಮೆಗೂ ಹೊಸ ಹೆಸರುಗಳನ್ನು ತೊಡಿಸಲಾಯಿತು. ಆಗಲೂ ಜನ ಕೈಮುಗಿದು ಆಹೇರಿಯೆಂದೇ ಸ್ವೀಕರಿಸಿದರು.

ಪರದೇಶಗಳಲ್ಲಿ ಈ ಕಸುಬಿಗೆ ಮನೆಗಳುಂಟು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಹಳೆಯ ಗಿರಣಿಯೊಂದರಲ್ಲಿ, ಪೋರ್ಚುಗಲ್ಲಿನ ಸಾವ್ ಜುವಾವ್ ದ ಮಡೈರಾದಲ್ಲಿ ಹಿಂದಿನ ಟೋಪಿ ಕಾರ್ಖಾನೆಯಲ್ಲಿಯೇ, ಟೋಪಿಯ ವಸ್ತುಸಂಗ್ರಹಾಲಯಗಳಿವೆ. ಆ ಕಡೆಯ ಟೋಪಿಗಾರರು ಮೊಲದ ರೋಮವನ್ನು ಪಾದರಸದ ದ್ರಾವಣದಲ್ಲಿ ನೆನೆಸಿ, ಬಿಸಿನೀರಿನಲ್ಲಿ ಮಿದಿದು ಒತ್ತಿ, ಮರದ ಅಚ್ಚಿಗೆ ಎಳೆದು ಟೋಪಿ ಮಾಡುತ್ತಿದ್ದರು. ಅದರ ಹಬೆಯನ್ನು ಉಸಿರಾಡಿ ಉಸಿರಾಡಿ ಅವರ ಕೈಕಾಲುಗಳಿಗೆ ನಡುಕವೂ ಬುದ್ಧಿಗೆ ಭ್ರಮೆಯೂ ಅಂಟುತ್ತಿತ್ತು. ಅಲ್ಲಿ ಟೋಪಿ ಮಾಡುವವನಿಗೆ ಹುಚ್ಚು ಹಿಡಿಯುತ್ತಿತ್ತು. ನಮ್ಮಲ್ಲಿ ಟೋಪಿ ಹಾಕುವವನು ಸದಾ ಆರೋಗ್ಯವಂತ, ಹಾಕಿಸಿಕೊಂಡವನಿಗೇ ತಲೆ ಕೆಡುವುದು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ಟೋಪಿಗಾರರು ಬಳಸುತ್ತಿದ್ದ ಯಂತ್ರವೊಂದರ ವಿವರವನ್ನು ಓದಿ ನಾನು ಬೆರಗಾದೆ. ಅದನ್ನು ಗಿರಾಕಿಯ ತಲೆಗೆ ಕಿರೀಟದಂತೆ ತೊಡಿಸಿದರೆ, ಸುತ್ತಲಿನ ಕಡ್ಡಿಗಳು ತಲೆಯ ಉಬ್ಬುತಗ್ಗುಗಳಿಗೆ ಒರಗಿ, ಮೇಲಿನ ಚೀಟಿಯಲ್ಲಿ ಸೂಜಿಚುಕ್ಕೆಗಳಿಂದ ಆ ತಲೆಯ ಆಕಾರವನ್ನು ಮೂಡಿಸುತ್ತಿದ್ದುವಂತೆ. ಟೋಪಿ ಬರುವ ಮೊದಲು ತಲೆಯನ್ನು ವಿಚಾರಿಸುವ ಸೌಜನ್ಯ! ಕಮಲಾಪುರದ ವೃದ್ಧರಿಗೆ ಆ ಯಂತ್ರವೂ ಬೇಡ; ಪ್ರತಿದಿನ ತಲೆಯ ಮೇಲೆಯೇ ಅಳತೆ, ತಲೆಯ ಮೇಲೆಯೇ ನಿರ್ಮಾಣ.

ಆದಕಾರಣ ನನ್ನ ಬಿನ್ನಹವಿಷ್ಟು. ಬೆಂಗಳೂರಿನಿಂದ ಬರುವ ಗಣ್ಯರ ತಲೆಯ ಮೇಲೆ ತಾವು ಎಂದಿನಂತೆ ಕುಳಿತಿರುವ ಆ ಎರಡು ನಿಮಿಷಗಳಲ್ಲಿ, ಕಿವಿಗೆ ಅಷ್ಟು ಸಮೀಪದಲ್ಲಿ ನಮ್ಮಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ, ಕಮಲಾಪುರದಲ್ಲಿ ಎರಡು ಕೋಣೆಯ ಒಂದು ಶಿರಸ್ತ್ರಾಣ ಸಂಗ್ರಹಾಲಯವಾಗಬೇಕೆಂಬ ಮಾತನ್ನು ಮೆಲ್ಲಗೆ ಉಸುರಬೇಕು. ಒಂದರಲ್ಲಿ ರೂಮಿ ಟೋಪಿ, ಗಾಂಧಿ ಟೊಪ್ಪಿಗೆ, ಕೂಸಿನ ಕುಲಾವಿ ಕುಂಚಿಗೆಗಳು, ಮಳೆಗಾಲದ ಕಂಬಳಿಯ ಕೊಪ್ಪೆ, ಮಲೆನಾಡಿನಿಂದ ತರಿಸಿದ ಅಡಿಕೆ ಹಾಳೆಯ ಟೋಪಿ ಇವಿಷ್ಟು ಇರಲಿ. ಇನ್ನೊಂದರಲ್ಲಿ ಒಂದು ಮಣೆ, ಹದಿನಾರು ಮೊಳ ಬಟ್ಟೆ, ಸುತ್ತಲು ಬಲ್ಲವರೊಬ್ಬರಿಗೆ ತಿಂಗಳ ಸಂಬಳ. ಶಿಲಾನ್ಯಾಸವಾದರೆ ತಮಗೆ ಮುಂದಿನ ಸಾಲಿನಲ್ಲಿಯೇ ತಲೆ ಸಿಕ್ಕುವುದು ಖಂಡಿತ. ಅಷ್ಟು ಆಗದಿದ್ದರೆ, ಮುಂದಿನ ಸಮಾರಂಭಕ್ಕೆ ಬರುವಾಗ ಕನಿಷ್ಠಪಕ್ಷ ಅಳತೆಯನ್ನು ಗುರುತು ಹಾಕಿಕೊಂಡು ಬರಬೇಕಾಗಿ ಪ್ರಾರ್ಥನೆ. ನನ್ನ ತಲೆಯ ಸುತ್ತಳತೆ 22 ಅಂಗುಲ.

ಇತಿ ತಮ್ಮ ವಿಧೇಯ,
ಸಾಲಿನಲ್ಲಿ ಏಳನೆಯವನು