ಅಶ್ವಜಾತ್ರಾ ಮೀಮಾಂಸೆ: ಮೊದಲ ಸಲ ಚೆಲ್ಟನ್‌ಹ್ಯಾಮ್ ರೇಸಿಗೆ ಹೊರಟವರಿಗೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ, ಕ್ಲೀವ್ ಗುಡ್ಡದ ಬುಡದಲ್ಲಿ, ಮಾರ್ಚ್ ತಿಂಗಳ ಒಂದು ಮಂಗಳವಾರದಿಂದ ಶುಕ್ರವಾರದವರೆಗೆ ಜಾತ್ರೆ ಸೇರುತ್ತದೆ. ತೇರಿಲ್ಲ, ಉತ್ಸವಮೂರ್ತಿಯಿಲ್ಲ, ಹುಂಡಿ ಮಾತ್ರ ಯಥಾಪ್ರಕಾರ. ದಿನಕ್ಕೆ ಏಳರಂತೆ ಒಟ್ಟು 28 ಓಟ, ಒಂದನ್ನು ಬಿಟ್ಟು ಎಲ್ಲವೂ ಅಡೆತಡೆ ಹಾರುವ ಕುದುರೆಗಳವು. ಇಷ್ಟು ಗಹನವಾದ ವಿಷಯಕ್ಕೆ ಕನ್ನಡದಲ್ಲೊಂದು ಶಾಸ್ತ್ರಗ್ರಂಥವಿಲ್ಲದಿರುವುದು ಶೋಚನೀಯ. ಆದ್ದರಿಂದ ಈ ಪ್ರಯತ್ನ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳಲೇಬೇಕು. ವಿಷಯ: ಕುದುರೆ. ಅಧಿಕಾರಿ: ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಒಮ್ಮೆಯಾದರೂ ಕಾಂಪೌಂಡಿನಾಚೆ ಕತ್ತು ಚಾಚಿದವನು. ಪ್ರಯೋಜನ: ಅದು ಬುಕ್ಕಿಗೆ. ಸಂಬಂಧ: ಸೋತ ಮೊತ್ತ ಹೊರಬಿದ್ದರೆ ಮನೆಯವರೊಡನೆ ಕೆಡುವಂಥದ್ದು.

ಇದು ಜೂಜಲ್ಲವೇ, ಸಜ್ಜನರಿಗೆ ಸಲ್ಲುತ್ತದೆಯೇ ಎಂದು ಪೂರ್ವಪಕ್ಷ. ಚೆಲ್ಟನ್‌ಹ್ಯಾಮಿನಲ್ಲೇ ಈ ಪಕ್ಷಕ್ಕೆ ಒಬ್ಬ ಆಚಾರ್ಯರಿದ್ದರು. ಪಾದ್ರಿ ಫ್ರಾನ್ಸಿಸ್ ಕ್ಲೋಸ್ 1827ರಲ್ಲಿ ರೇಸಿನ ವಿರುದ್ಧ ಘನಘೋರ ಉಪದೇಶ ಮಾಡಿದರು. 1830ರಲ್ಲಿ ರೇಸಿನ ಗ್ಯಾಲರಿಯೇ ಸುಟ್ಟುಹೋಯಿತು. ಖಂಡನಗ್ರಂಥಗಳ ಇತಿಹಾಸದಲ್ಲಿ ಇಷ್ಟು ಶೀಘ್ರ ಫಲಪ್ರಾಪ್ತಿ ಅಪರೂಪ. ಉತ್ತರಪಕ್ಷ ನಮ್ಮ ಸುಪ್ರೀಂ ಕೋರ್ಟಿನದು: ಕುದುರೆ ಪಂದ್ಯ ಪ್ರಧಾನವಾಗಿ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು 1996ರಲ್ಲಿ ತೀರ್ಪಾಯಿತು. ಅಂದಿನಿಂದ ಸೋತವರಿಗೆ ‘ನನ್ನ ಗ್ರಹಚಾರ’ ಎನ್ನುವ ಸಮಾಧಾನವೂ ತಪ್ಪಿತು. ದಡ್ಡತನ ಎಂದೇ ಒಪ್ಪಿಕೊಳ್ಳಬೇಕು.

ಇನ್ನು ಸಿದ್ಧಾಂತ. ಮಹಾಭಾರತದ ನಳೋಪಾಖ್ಯಾನದಲ್ಲಿ ನಳನಿಗೆ ಅಶ್ವಹೃದಯ ಗೊತ್ತು, ಋತುಪರ್ಣನಿಗೆ ಅಕ್ಷಹೃದಯ ಗೊತ್ತು. ಕುದುರೆ ಬಲ್ಲವನು ಜೂಜಿನಲ್ಲಿ ರಾಜ್ಯ ಕಳೆದುಕೊಂಡ. ಲೆಕ್ಕ ಬಲ್ಲವನು ತನ್ನ ರಥಕ್ಕೆ ಅವನನ್ನೇ ಸಾರಥಿಯಾಗಿ ಇಟ್ಟುಕೊಂಡ. ದಾರಿಯಲ್ಲಿ ತಾರೆಮರವೊಂದರ ಎಲೆ, ಕಾಯಿ ಎಣಿಸುವ ನೆಪದಲ್ಲಿ ವಿದ್ಯೆಗಳ ವಿನಿಮಯವಾಯಿತು, ಕಲಿಪುರುಷ ನಳನ ಮೈಬಿಟ್ಟು ಆ ಮರವನ್ನು ಹೊಕ್ಕ. ಅಂದಿನಿಂದ ಮರಕ್ಕೆ ಕೆಟ್ಟ ಹೆಸರು ಬಂತು ಎಂದಷ್ಟೇ ವ್ಯಾಸರು ಹೇಳುತ್ತಾರೆ. ಅದನ್ನು ಕೊಯ್ದು ರೇಸ್ ಗ್ಯಾಲರಿಗೆ ಬೆಂಚು ಮಾಡಿದರೆಂಬುದು ಪ್ರಕೃತ ಲೇಖಕನ ಮತ. ಚೆಲ್ಟನ್‌ಹ್ಯಾಮಿಗೆ ಬರುವ ಜನವೂ ಇದೇ ಎರಡು ಪಂಗಡ. ಐರ್ಲೆಂಡಿನಿಂದ ಹಡಗು, ವಿಮಾನ ಹತ್ತಿ ಬರುವ ರೈತರು ಕುದುರೆಯ ಗೊರಸು ನೋಡಿ ಅದರ ಅಜ್ಜಿಯ ಹೆಸರು ಹೇಳುತ್ತಾರೆ. ಲಂಡನ್ನಿನಿಂದ ಬರುವವರು ಮೊಬೈಲು ನೋಡಿ ಶೇಕಡಾವಾರು ಹೇಳುತ್ತಾರೆ. ಎರಡು ಹೃದಯವೂ ಒಂದೇ ಎದೆಯಲ್ಲಿರುವ ಪ್ರಾಣಿ ಒಂದೇ. ಅವನೇ ಬುಕ್ಕಿ. ಹಲಗೆಯಲ್ಲಿ ದರ ಬೆಳಗಿಸಿಕೊಂಡು, ಚೀಲ ತೂಗುಹಾಕಿಕೊಂಡು, ಸ್ಟೂಲಿನ ಮೇಲೆ ನಿಂತಿರುತ್ತಾನೆ. ಅವನಿಗೆ ದುಡ್ಡು ಕೊಡುವವರು ನಾವು.

ಹಾಗಾದರೆ ಹೊಸಬನು ಕುದುರೆಯನ್ನು ಆರಿಸುವ ಬಗೆ? ಪ್ರಮಾಣಗಳು ಮೂರು. ಮೊದಲನೆಯದು ಪ್ರತ್ಯಕ್ಷ. ಓಟಕ್ಕೆ ಮುಂಚೆ ಪರೇಡ್ ರಿಂಗಿನಲ್ಲಿ ಕುದುರೆಗಳನ್ನು ಸುತ್ತು ಹಾಕಿಸುತ್ತಾರೆ, ತಪ್ಪದೆ ನೋಡಬೇಕು. ಬೆವರಿ ನೊರೆ ಬಂದದ್ದು, ಕತ್ತು ಕೊಡವಿ ರಂಪ ಮಾಡುವುದು ಶಕ್ತಿಯನ್ನು ಅಲ್ಲೇ ಖರ್ಚು ಮಾಡುತ್ತಿದೆ ಎನ್ನುತ್ತಾರೆ ಬಲ್ಲವರು. ಹೊಸಬನ ಕಣ್ಣಿಗೆ ಮಾತ್ರ ಎಲ್ಲ ಕುದುರೆಯೂ ಕಂದು, ಎಲ್ಲವೂ ಗೆಲ್ಲುವಂಥದ್ದೇ.

ಎರಡನೆಯದು ಅನುಮಾನ. ರೇಸ್ ಕಾರ್ಡಿನಲ್ಲಿ ಕುದುರೆಯ ಹೆಸರಿನ ಪಕ್ಕ ಅಂಕೆ–ಅಕ್ಷರಗಳ ಸರವೊಂದಿದೆ. ಇತ್ತೀಚಿನದು ಬಲತುದಿಯಲ್ಲಿ. 1, 2, 3 ಎಂದರೆ ಹಿಂದಿನ ಓಟಗಳಲ್ಲಿ ಬಂದ ಸ್ಥಾನ. ಸೊನ್ನೆ ಎಂದರೆ ಮೊದಲ ಒಂಬತ್ತರಲ್ಲೂ ಇಲ್ಲ. ‘ಎಫ್’ ಇದ್ದರೆ ಕುದುರೆಯೇ ಬಿದ್ದಿದೆ. ‘ಯು’ ಇದ್ದರೆ ಸವಾರನನ್ನು ಕೆಡವಿ ತಾನು ಮುಂದೆ ಹೋಗಿದೆ. ‘ಪಿ’ ಇದ್ದರೆ ಸವಾರನೇ ಸಾಕೆಂದು ಲಗಾಮು ಹಿಡಿದಿದ್ದಾನೆ. ನಮ್ಮ ಹಳೆಯ ತಾಳೆಗರಿ ವಿದ್ವಾಂಸರಿಗೆ ಸಿಕ್ಕಿದ್ದರೆ ಪಾಠಾಂತರ ಹುಡುಕಿ ಇದರ ಮೇಲೆ ಮೂರು ಸಂಪುಟ ತರುತ್ತಿದ್ದರು. ಗೋಲ್ಡನ್ ಮಿಲ್ಲರ್ ಎಂಬ ಕುದುರೆ 1932ರಿಂದ 1936ರವರೆಗೆ ಸತತ ಐದು ವರ್ಷ ಈ ಜಾತ್ರೆಯ ಮುಖ್ಯ ಓಟವಾದ ಗೋಲ್ಡ್ ಕಪ್ ಗೆದ್ದದ್ದು ಅನುಮಾನವಾದಿಗಳ ಬ್ರಹ್ಮಾಸ್ತ್ರ. ಅದಕ್ಕೆ ಪ್ರತ್ಯಸ್ತ್ರ ನಾರ್ಟನ್ಸ್ ಕಾಯಿನ್. ವೇಲ್ಸಿನ ಹೈನುಗಾರ ಸಿರೆಲ್ ಗ್ರಿಫಿತ್ಸ್, 1990ರ ಗೋಲ್ಡ್ ಕಪ್ಪಿನ ಬೆಳಿಗ್ಗೆ ಹಸುಗಳ ಹಾಲು ಕರೆದು ಮುಗಿಸಿ ತಾವು ಪಳಗಿಸಿದ ಈ ಕುದುರೆಯನ್ನು ಕರೆತಂದರು. ದರ ಒಂದಕ್ಕೆ ನೂರು. ಇಡೀ ಇಂಗ್ಲೆಂಡಿನ ಕಣ್ಮಣಿ ಡೆಸರ್ಟ್ ಆರ್ಕಿಡ್ ಮೂರನೆಯದಾಯಿತು, ಹಾಲಿನವರ ಕುದುರೆ ಗೆದ್ದಿತು. ಆ ಸಂಜೆ ಎಷ್ಟು ಜನ ಪಂಡಿತರು ಕಾರ್ಡು ಹರಿದರೆಂಬುದಕ್ಕೆ ದಾಖಲೆಯಿಲ್ಲ.

ಮೂರನೆಯದು ಆಪ್ತವಾಕ್ಯ. ರೈಲಿನಲ್ಲಿ ಪಕ್ಕ ಕೂತವನು, ಟ್ಯಾಕ್ಸಿಯವನು, ಶೌಚಾಲಯದ ಸಾಲಿನಲ್ಲಿ ಮುಂದೆ ನಿಂತವನು, ಎಲ್ಲರೂ ಕಿವಿಯಲ್ಲಿ ಒಂದೊಂದು ಹೆಸರು ಉಸುರುತ್ತಾರೆ. ಅವರು ಆಪ್ತರಲ್ಲ. ಕೊಟ್ಟ ಹೆಸರನ್ನು ವಿನಯದಿಂದ ಕೇಳಿಕೊಂಡು ಆ ಕುದುರೆಯನ್ನು ಬಿಟ್ಟು ಬೇರೆಯದಕ್ಕೆ ಕಟ್ಟುವುದು ಶಿಷ್ಟಾಚಾರ. ಆಗ ಅದೇ ಗೆಲ್ಲುತ್ತದೆ ಎಂಬುದು ಬೇರೆ ಮಾತು.

‘ಈಚ್ ವೇ’ ಎಂಬ ದ್ವೈತ ಪದ್ಧತಿಯಲ್ಲಿ ಹೊಸಬರು ಮುಗ್ಗರಿಸುತ್ತಾರೆ. ಐದು ಪೌಂಡ್ ಈಚ್ ವೇ ಎಂದರೆ ಜೇಬಿನಿಂದ ಹೋಗುವುದು ಹತ್ತು: ಐದು ಗೆಲುವಿನ ಮೇಲೆ, ಐದು ಮೊದಲ ಕೆಲವು ಸ್ಥಾನಗಳ ಮೇಲೆ. ದರ 10/1, ಸ್ಥಾನಕ್ಕೆ ಐದನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಕುದುರೆ ಮೂರನೆಯದಾಗಿ ಬಂದರೆ ಗೆಲುವಿನ ಐದು ಮುಳುಗುತ್ತದೆ, ಸ್ಥಾನದ ಐದಕ್ಕೆ ಹತ್ತು ಸೇರಿ ಹದಿನೈದು ಕೈಗೆ ಬರುತ್ತದೆ. ನಿವ್ವಳ ಲಾಭ ಐದು. ಅದರಲ್ಲಿ ಒಂದು ಲೋಟ ಗಿನ್ನೆಸ್ ಬಿಯರ್ ಕೂಡ ಬರದಿರಬಹುದು, ಮೊದಲೇ ದರ ವಿಚಾರಿಸಿಕೊಳ್ಳಿ.

ಉಡುಪು: ಉದ್ದ ಟೊಪ್ಪಿಗೆ, ಬಾಲದ ಕೋಟು ಆಸ್ಕಾಟ್ ರೇಸಿಗೆ, ಅದೂ ಜೂನಿನಲ್ಲಿ. ಇಲ್ಲಿ ದಪ್ಪ ಟ್ವೀಡು. ಮಾರ್ಚಿನ ಗಾಳಿ ಗುಡ್ಡದಿಂದ ನೇರ ಪಕ್ಕೆಲುಬಿಗೆ ಬರುತ್ತದೆ. ನೆಲದ ಹದವನ್ನು ದಿನವೂ ಘೋಷಿಸುತ್ತಾರೆ. ಮೆತ್ತಗಿದೆ ಎಂದರೆ ಕುದುರೆಗಷ್ಟೇ ಎಂದು ತಿಳಿಯಬಾರದು, ನಿಮ್ಮ ಬೂಟಿಗೂ ಅನ್ವಯಿಸುತ್ತದೆ.

ಮಂಗಳವಾರ ಮೊದಲ ಓಟಕ್ಕೆ ಕುದುರೆಗಳ ಮುಂದಿನ ಅಡ್ಡಪಟ್ಟಿ ಮೇಲೆದ್ದ ಕ್ಷಣ ಇಡೀ ಗ್ಯಾಲರಿ ಗರ್ಜಿಸುತ್ತದೆ. ಯಾವ ಕುದುರೆ ಎಲ್ಲಿದೆಯೆಂದು ಆಗ ಯಾರಿಗೂ ಕಾಣಿಸದು. ಆದರೂ ಗರ್ಜಿಸುವುದು ವಿಧಿ. ಕೊನೆಯ ಬೇಲಿ ದಾಟಿದ ಮೇಲೆ ಗುರಿಗೆ ಏರುದಾರಿಯಿದೆ. ಅಲ್ಲಿ ಮುಂದಿದ್ದ ಕುದುರೆಯ ಕಾಲು ಸೋತು ಹಿಂದಿನದು ಹತ್ತಿರವಾಗುತ್ತದೆ. ಆಗಿನ ಕೂಗಿಗೆ ಶಾಸ್ತ್ರ ಬೇಕಿಲ್ಲ, ದುಡ್ಡು ಕಟ್ಟಿರದವನೂ ಕೂಗುತ್ತಾನೆ.

ಸಂಜೆ ನಿಲ್ದಾಣದಲ್ಲಿ ಸಾಲು ಉದ್ದ. ಅಕ್ಕಪಕ್ಕದವರು ಎಷ್ಟು ಬಂತೆಂದು ಕೇಳಿಯೇ ಕೇಳುತ್ತಾರೆ. ಗೆದ್ದವನು ಮೊತ್ತ ಹೇಳುತ್ತಾನೆ. ಸೋತವನು ‘ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು’ ಎನ್ನುತ್ತಾನೆ. ಮರುಪ್ರಶ್ನೆ ಹಾಕುವುದು ನಿಷಿದ್ಧ. ನಿಮ್ಮ ಸರದಿ ಬಂದಾಗಲೂ ಇದೇ ವಾಕ್ಯ, ಸ್ವರಭಾರ ‘ಸರಿ’ಯ ಮೇಲೆ.