ಬೆಳ್ಳಿಮೊಲದ ಹೆಸರು ಯಾರದು? ಬೈಲಹೊಂಗಲದ ಪಂಜರದಿಂದ ಒಂದು ಸಂದರ್ಶನ

ಬೆಳ್ಳಿಮೊಲ ಎಂಬುದು ಒಂದೇ ತಳಿಯ ಹೆಸರಲ್ಲ. ಕಪ್ಪು ಅಥವಾ ಬೂದು ಮೈಯಲ್ಲಿ ಬಿಳಿಯ ಮಿಂಚಿರುವ ಹಲವು ಸಾಕುಮೊಲಗಳಿಗೆ ತುಪ್ಪಳದ ವ್ಯಾಪಾರಿಗಳೂ ಪ್ರದರ್ಶನಗಳ ತೀರ್ಪುಗಾರರೂ ಹಚ್ಚಿದ ಹೆಸರುಗಳ ಗುಂಪು ಅದು. ಅವುಗಳಲ್ಲಿ ಸೋವಿಯತ್ ಚಿಂಚಿಲಾ ಭಾರತದಲ್ಲಿ ಮಾಂಸಕ್ಕಾಗಿ ಸಾಕುವ ತಳಿ. ಬೈಲಹೊಂಗಲ–ಸವದತ್ತಿ ದಾರಿಯ ತೋಟವೊಂದರ ಪಂಜರದಲ್ಲಿ ಗಜ್ಜರಿ ಕಡಿಯುತ್ತಿದ್ದ ಈ ತಳಿಯ ಹೆಣ್ಣುಮೊಲ ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಮುಧೋಳದ ನಾಯಿಯನ್ನು ಜೊತೆಗೆ ಕರೆತರಬಾರದು.

ಪ್ರಶ್ನೆ: ಮೈಮೇಲಿನ ಈ ಬೆಳ್ಳಿ ಎಲ್ಲಿಂದ ಬಂತು?

ಮೊಲ: ಬೆಳ್ಳಿ ಎಲ್ಲೈತ್ರಿ? ಊದಿ ನೋಡ್ರಿ.

ಊದಿದಾಗ ತುಪ್ಪಳ ಬಿಚ್ಚಿಕೊಂಡು ಉಂಗುರಗಳು ಕಂಡವು. ಬುಡದಲ್ಲಿ ನೀಲಿ ಛಾಯೆಯ ಬೂದು, ನಡುವೆ ಮುತ್ತಿನ ಬಿಳಿ, ತುದಿಯಲ್ಲಿ ಕಪ್ಪು. ಯುರೋಪಿನ ಕಾಡಿನ ಮೂಲ ಮೊಲದ ಕೂದಲಿನಿಂದ ಹಳದಿಯನ್ನು ಒಂದು ಜೀನ್ ಅಳಿಸಿಹಾಕಿದರೆ ಉಳಿಯುವ ಬಣ್ಣ ಇದು. ಫ್ರಾನ್ಸಿನ ಶಾಂಪೇನ್ ದಾರ್ಜಾಂ ತಳಿಯ ಬೆಳ್ಳಿಯ ಬಗೆಯೇ ಬೇರೆ. ಅದರ ಮರಿ ಹುಟ್ಟುವಾಗ ಕಪ್ಪು; ತಿಂಗಳುಗಳು ಕಳೆದಂತೆ ಕಪ್ಪಿನ ನಡುವೆ ಬಿಳಿ ಕೂದಲು ಮೂಡಿ ಮೈಯೆಲ್ಲ ಬೆಳ್ಳಿಯಾಗುತ್ತದೆ.

ಮೊಲ: ಮನಷ್ಯಾರಿಗೂ ಹಂಗ ಆಗತೈತಲ್ರಿ. ಅವ್ರು ಬಣ್ಣಾ ಹಚ್ಚಿ ಮುಚ್ಚತಾರ, ನಮ್ಮ ಮಂದಿಗೆ ಬಹುಮಾನ ಕೊಡ್ತಾರ.

ಪ್ರಶ್ನೆ: ಶಾಂಪೇನ್ ಎಂದರೆ ಮದ್ಯವಲ್ಲವೇ?

ಮೊಲ: ಸೀಮಿ ಹೆಸರ್ರಿ ಅದು. ಮದ್ಯಕ್ಕೂ ಅದ, ಮೊಲಕ್ಕೂ ಅದ. ಗೋಕಾಕದ ಕರದಂಟು ಅಂತೀರಲ್ಲ, ಹಂಗ. ‘ದಾರ್ಜಾಂ’ ಅಂದ್ರ ಬೆಳ್ಳೀದು.

ಪ್ರಶ್ನೆ: ಚಿಂಚಿಲಾ ಯಾವ ಊರು?

ಮೊಲ: ಊರಲ್ರಿ, ಆಂಡೀಸ್ ಪರ್ವತದಾಗಿನ ಇಲಿ ಕುಲದ ಒಂದು ಪ್ರಾಣಿ. ಅದರ ತುಪ್ಪಳ ಭಾಳ ತುಟ್ಟಿ.

ವಿಷಯದ ಗುಟ್ಟು ಇಲ್ಲಿದೆ. ಫ್ರಾನ್ಸಿನ ಡಿಬೊವ್ಸ್ಕಿ ಎಂಬ ತಳಿಗಾರರು ಈ ಬಣ್ಣದ ಮೊಲವನ್ನು 1913ರಲ್ಲಿ ಸೇಂಟ್ ಮೋರ್‌ನ ಪ್ರದರ್ಶನಕ್ಕೆ ತಂದಾಗ ಅಗ್ಗದ ಮೊಲದ ತೊಗಲಿಗೆ ದುಬಾರಿ ಪ್ರಾಣಿಯ ಹೆಸರು ಬಂತು. ಮುಂದೆ ಸೋವಿಯತ್ ಒಕ್ಕೂಟದಲ್ಲಿ ಇದನ್ನು ಬಿಳಿ ದೈತ್ಯ ಮೊಲದೊಂದಿಗೆ ಕೂಡಿಸಿ ದೊಡ್ಡ ಮೈಯ ತಳಿ ಮಾಡಿದರು. ದೇಶದ ಹೆಸರೂ ಅಂಟಿಕೊಂಡಿತು. ಆ ದೇಶ 1991ರಲ್ಲಿ ಇಲ್ಲವಾಯಿತು. ತಳಿಯ ಹೆಸರಿನಲ್ಲಿ ಮಾತ್ರ ಉಳಿದುಕೊಂಡು ಈಗ ಬೈಲಹೊಂಗಲದಲ್ಲಿ ಗಜ್ಜರಿ ತಿನ್ನುತ್ತಿದೆ.

ಅಮೆರಿಕದ ಕಥೆ ಇನ್ನೂ ಸೊಗಸು. ಒಹಾಯೊ ರಾಜ್ಯದ ವಾಲ್ಟರ್ ಗಾರ್ಲಂಡ್ ಬೆಳೆಸಿದ ತಳಿ 1925ರಲ್ಲಿ ‘ಅಮೆರಿಕನ್ ಹೆವಿವೇಟ್ ಸಿಲ್ವರ್’ ಎಂದು ಮಾನ್ಯತೆ ಪಡೆಯಿತು. 1929ರಲ್ಲಿ ಅದೇ ಮೊಲ ‘ಸಿಲ್ವರ್ ಫಾಕ್ಸ್’, ಅಂದರೆ ಬೆಳ್ಳಿನರಿ, ಆಯಿತು. ಸುಗಂಧವರ್ತಿ ಸವೆದು ಸವದತ್ತಿಯಾಗಲು ಶತಮಾನಗಳು ಹಿಡಿದವು. ಮೊಲ ನರಿಯಾಗಲು ನಾಲ್ಕೇ ವರ್ಷ ಸಾಕಾಯಿತು. ಬ್ರಿಟನ್ನಿನಲ್ಲಿ ಸಿಲ್ವರ್ ಫಾಕ್ಸ್ ಎಂದರೆ ಬೇರೊಂದು ಮೊಲ. ಅದನ್ನು ಅಮೆರಿಕದವರು ಸಿಲ್ವರ್ ಮಾರ್ಟೆನ್ ಎನ್ನುತ್ತಾರೆ. ಮಾರ್ಟೆನ್ ಕೂಡ ತುಪ್ಪಳಕ್ಕೆ ಬೆಲೆಯುಳ್ಳ ಇನ್ನೊಂದು ಪ್ರಾಣಿಯೇ.

ಮೊಲ: ತಾನು ಹಿಡದ ಮೊಲಕ್ಕ ಮೂರ ಕಾಲು ಅಂತ ನೀವು ಅಂತೀರಿ. ಅವ್ರು ಕಾಲು ಎಣಸೂದಿಲ್ರಿ, ಜಾತೀನ ಬದಲ ಮಾಡ್ತಾರ.

ಪ್ರಶ್ನೆ: ಈ ಸೀಮೆಯಲ್ಲಿ ಅಂಥ ಗೊಂದಲ ಇಲ್ಲವಷ್ಟೇ?

ಮೊಲ: ಆ ನಾಯಿ ಹೆಸರು ನನ್ನ ಬಾಯಿಂದ ಯಾಕ ತೆಗಸ್ತೀರಿ?

ರಾಮದುರ್ಗದಿಂದ ಲೋಕಾಪುರ ದಾಟಿದರೆ ಮುಧೋಳ. ಅಲ್ಲಿಯ ಬೇಟೆನಾಯಿ 2005ರ ಅಂಚೆಚೀಟಿಯಲ್ಲಿ ಮುಧೋಳ ಹೌಂಡ್. ಭಾರತದ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಕ್ಯಾರವಾನ್ ಹೌಂಡ್. ಹೆಸರು ಯಾವುದಾದರೂ ಮೊಲದ ಬೆನ್ನು ಹತ್ತುವ ವೇಗ ಒಂದೇ.

ಪ್ರಶ್ನೆ: ಸವದತ್ತಿಯ ಗುಡ್ಡದಲ್ಲಿ ಓಡುವ ಮೊಲ ಬಳಗದವರೇ?

ಮೊಲ: ಅಲ್ರಿ. ಕನ್ನಡದಾಗ ಇಬ್ಬರಿಗೂ ಒಂದ ಹೆಸರು, ಅಷ್ಟ.

ಗುಡ್ಡದ ಮೊಲ ಬಿಲ ತೋಡುವುದಿಲ್ಲ; ಅದರ ಮರಿ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಸಾಕುಮೊಲದ ಮರಿಗೆ ಹುಟ್ಟುವಾಗ ಕೂದಲೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಗುಡ್ಡದ ಮೊಲಕ್ಕೆ ‘ಕರಿಕತ್ತಿನದು’ ಎಂಬ ಅರ್ಥದ ಶಾಸ್ತ್ರೀಯ ಹೆಸರನ್ನು ಫ್ರೆಡರಿಕ್ ಕುವಿಯೆ ಕೊಟ್ಟದ್ದು 1823ರಲ್ಲಿ, ಕಿತ್ತೂರಿನ ಕಾಳಗಕ್ಕೆ ಒಂದು ವರ್ಷ ಮುಂಚೆ. ಕತ್ತಿನ ಹಿಂಭಾಗ ನಿಜಕ್ಕೂ ಕಪ್ಪಾಗಿರುವುದರಿಂದ ಈ ಇಡೀ ಪ್ರಕರಣದಲ್ಲಿ ಪ್ರಾಮಾಣಿಕವಾದ ಹೆಸರು ಅದೊಂದೇ ಎನ್ನಬಹುದು. ಆ ಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.

ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ತಲೆಮೇಲೆ ಹೊಳೆಯುವ ಚಂದ್ರನಿಗೆ ಶಶಾಂಕ ಎಂಬ ಹೆಸರು ಬಂದದ್ದು ಮೊಲದಿಂದ. ಬೆಳ್ಳಿಯ ಚಂದ್ರನಿಗೆ ಮೊಲದ ಹೆಸರು, ಬೆಳ್ಳಿಯ ಮೊಲಕ್ಕೆ ನರಿಯ ಹೆಸರು: ಈ ಲೆಕ್ಕದಲ್ಲಿ ನಷ್ಟ ಯಾರಿಗೆ ಎಂದು ಕೇಳಿದ್ದಕ್ಕೆ ಮೊಲ ಕಿವಿ ಅಲ್ಲಾಡಿಸಿತು.

ಪ್ರಶ್ನೆ: ಹಾಗಾದರೆ ಏನೆಂದು ಕರೆಯಬೇಕು?

ಮೊಲ: ಅಲ್ಲಿ ಗೂಟಕ್ಕ ವಹಿ ತೂಗಹಾಕ್ಯಾರ, ಓದ್ಕೊಳ್ರಿ.

ತೋಟದ ಮಾಲೀಕರ ವಹಿಯಲ್ಲಿ ಹೀಗೆ ಬರೆದಿತ್ತು: ಬೂದಿ ಮೊಲ, ಹೆಣ್ಣು, 1.