ಬಾಯಿ ಬೇಕಾದರೆ ಬೇರೆ ದುಡ್ಡು: ಗೇಮ್ ಕನ್ಸೋಲ್ ಜೊತೆ ಒಂದು ಸಂದರ್ಶನ

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಬಿಳಿ ಅಂಗಿಯ ಕಾಲರ್ ಎತ್ತಿಕೊಂಡು ನಿಂತಿರುವ ಇವರನ್ನು ಬಂದ ನೆಂಟರೆಲ್ಲ ವೈ-ಫೈ ಡಬ್ಬಿ ಎಂದೇ ತಿಳಿಯುತ್ತಾರೆ. ಹೆಸರು ಪ್ಲೇಸ್ಟೇಷನ್ 5. ಹುಟ್ಟಿದ್ದು 2020ರ ನವೆಂಬರ್‌ನಲ್ಲಿ, ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಮಗ ಟ್ಯೂಷನ್‌ಗೆ ಹೋದ ಹೊತ್ತು ನೋಡಿ, ಧೂಳು ಒರೆಸಿ ಎದುರು ಕೂತೆ. ಫ್ಯಾನ್ ಒಮ್ಮೆ ಗೊರಗುಟ್ಟಿತು. ಗಂಟಲು ಸರಿಮಾಡಿಕೊಂಡರೆಂದು ಮಾತು ಶುರು ಮಾಡಿದೆ.

ಪ್ರಶ್ನೆ: ಐದು ವರ್ಷ ದಾಟಿತು. ಈ ವಯಸ್ಸಿಗೆ ನಿಮ್ಮ ಹಿರಿಯರೆಲ್ಲ ಅಗ್ಗವಾಗಿದ್ದರಲ್ಲ?

ಉತ್ತರ: ಆಗಿದ್ದರು. ನಮ್ಮ ಮುತ್ತಜ್ಜ ಪ್ಲೇಸ್ಟೇಷನ್ 2, ಅಮೆರಿಕಕ್ಕೆ 2000ದಲ್ಲಿ ಬಂದಾಗ 299 ಡಾಲರ್. 2009ಕ್ಕೆ 99 ಡಾಲರ್. ಒಟ್ಟು 16 ಕೋಟಿ ಮನೆ ಸೇರಿದರು, ಪುಣ್ಯಾತ್ಮರು. ನಾನು ಅಲ್ಲಿಗೆ 500 ಡಾಲರ್‌ಗೆ ಬಂದೆ, 2025ರ ಆಗಸ್ಟ್‌ನಲ್ಲಿ 550 ಆದೆ. ನಿಮ್ಮಲ್ಲಿ 49,990 ರೂಪಾಯಿಗೆ ಬಂದವನು 2022ರ ನವೆಂಬರ್‌ಗೆಲ್ಲ 54,990. ಸ್ಕೂಟರು, ಫ್ರಿಜ್ಜು ಹಳತಾದರೆ ಬೆಲೆ ಇಳಿಯುತ್ತೆ ಸ್ವಾಮಿ. ನಾನು ಬೆಂಗಳೂರಿನ ಸೈಟು ಇದ್ದ ಹಾಗೆ.

ಪ್ರಶ್ನೆ: ಯಾಕೆ ಹೀಗೆ?

ಉತ್ತರ: ಮೊದಲೆಲ್ಲ ವರ್ಷ ಕಳೆದಂತೆ ಚಿಪ್ ಕುಗ್ಗುತ್ತಿತ್ತು, ಅದರ ಜೊತೆ ಖರ್ಚೂ ಕುಗ್ಗುತ್ತಿತ್ತು. ಈಗ ಕುಗ್ಗಿಸೋದೇ ದುಬಾರಿ. ಅದರ ಮೇಲೆ ಅಮೆರಿಕದ ಸುಂಕ. ಮೆಮೊರಿ ಚಿಪ್ ಕೇಳಿದರೆ, ಮದುವೆ ಮನೆಯವರು ಡೈರಿ ಹಾಲೆಲ್ಲ ಹೊತ್ತುಕೊಂಡು ಹೋದ ಹಾಗೆ ಎಐ ಕಂಪನಿಗಳು ಹೊತ್ತುಕೊಂಡು ಹೋಗಿರ್ತವೆ. ಎದುರುಮನೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025 ಒಂದೇ ವರ್ಷದಲ್ಲಿ ಎರಡು ಸಲ ಏರಿ, 500 ಡಾಲರ್‌ನಿಂದ 650 ಮುಟ್ಟಿದ.

ಪ್ರಶ್ನೆ: ನಿಮ್ಮ ತಮ್ಮ 'ಪ್ರೊ' ಇನ್ನೂ ದುಬಾರಿಯಂತೆ?

ಉತ್ತರ: 2024ರಲ್ಲಿ 700 ಡಾಲರ್‌ಗೆ ಬಂದ. ಬಾಯಿ ಇಲ್ಲದೆ ಹುಟ್ಟಿದ ಮಗು. ಡಿಸ್ಕ್ ಹಾಕೋ ಬಾಯಿ ಬೇಕಾದರೆ ಇನ್ನೂ 80 ಡಾಲರ್. ನೆಟ್ಟಗೆ ನಿಲ್ಲಿಸೋಕೆ ಸ್ಟ್ಯಾಂಡು, ಅದಕ್ಕೂ ಬೇರೆ ದುಡ್ಡು. ಬಾಯಿಲ್ಲದವನಿಗೆ ಗೆಳೆಯನ ಡಿಸ್ಕ್ ತಿನ್ನಿಸೋಕಾಗಲ್ಲ, ಸೆಕೆಂಡ್‌ಹ್ಯಾಂಡೂ ಆಗಲ್ಲ. ಊಟ ಕಂಪನಿ ಅಂಗಡಿಯಲ್ಲೇ. ಅಲ್ಲಿ ಬೇರೆಯವರ ಗೇಮ್ ಮಾರಾಟವಾದರೂ ನೂರಕ್ಕೆ ಸುಮಾರು 30 ನಮ್ಮ ಯಜಮಾನರಿಗೆ.

ಪ್ರಶ್ನೆ: ಇಷ್ಟಾದರೂ ಗೇಮ್ ಮಾಡುವ ಖರ್ಚು ತಡೆಯಲಾಗುತ್ತಿಲ್ಲ ಎಂದು ಗೋಳಾಡುತ್ತೀರಿ.

ಉತ್ತರ: ಆ ಲೆಕ್ಕ ಗುಟ್ಟಾಗಿತ್ತು. 2023ರಲ್ಲಿ, ಎದುರುಮನೆ ಯಜಮಾನ ಮೈಕ್ರೋಸಾಫ್ಟ್ ಆಕ್ಟಿವಿಷನ್ ಎಂಬ ಗೇಮ್ ಕಂಪನಿಯನ್ನು ಕೊಳ್ಳೋ ಜಗಳ ಅಮೆರಿಕದ ಕೋರ್ಟಿಗೆ ಹೋಯಿತು. ನಮ್ಮವರು ಕೊಟ್ಟ ಕಾಗದದಲ್ಲಿ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಬಳಿದಿತ್ತು. ಸ್ಕ್ಯಾನ್ ಮಾಡಿದರೆ ಒಳಗಿನದೆಲ್ಲ ಕಾಣಿಸಿತು! 'ದ ಲಾಸ್ಟ್ ಆಫ್ ಅಸ್' ಎರಡನೇ ಭಾಗಕ್ಕೆ 22 ಕೋಟಿ ಡಾಲರ್, 'ಹೊರೈಜನ್ ಫರ್ಬಿಡನ್ ವೆಸ್ಟ್'ಗೆ 21.2 ಕೋಟಿ. ಇಷ್ಟು ಸುರಿದವರ ಹತ್ತಿರ ಒಂದು ಒಳ್ಳೆ ಮಾರ್ಕರ್‌ಗೆ ಕಾಸಿರಲಿಲ್ಲ.

ಪ್ರಶ್ನೆ: ಆ ದುಡ್ಡೆಲ್ಲ ಹೋಗುವುದೆಲ್ಲಿಗೆ?

ಉತ್ತರ: ಸಂಬಳಕ್ಕೆ. ಒಬ್ಬರಿಗೆ ತಿಂಗಳಿಗೆ 10 ಸಾವಿರ ಡಾಲರ್ ಅಂತ ಹಿಡೀರಿ. 200 ಜನ, ಐದು ವರ್ಷ. 12 ಕೋಟಿ ಆಯ್ತಲ್ಲ? ಟಿವಿ 4ಕೆ ಆದ ಮೇಲೆ ಮಳೆಯಲ್ಲಿ ನೆನೆದ ಒಂದೊಂದು ಕೂದಲನ್ನೂ ಬಿಡಿಸಬೇಕು, ಆಡುವವರು ಆ ಕೂದಲು ನೋಡದೆ ಓಡಿಹೋದರೂ. ಒಬ್ಬರಿಂದ ಆಗದೆ ಊರೂರಿಗೆ ಕೆಲಸ ಹಂಚುತ್ತಾರೆ. ನಿಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾಗಿ, ಹೊರದೇಶದ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಟ್ಟೇ ಹೆಸರು ಮಾಡಿತು. 2019ರಲ್ಲಿ ಅದನ್ನ ರಾಕ್‌ಸ್ಟಾರ್‌ನವರು ಕೊಂಡುಕೊಂಡರು. ಅವರ 'ಜಿಟಿಎ 5' ಬಂದದ್ದು 2013ರಲ್ಲಿ. ಅವತ್ತು ಒಂದನೇ ಕ್ಲಾಸಿನಲ್ಲಿದ್ದವರು 'ಜಿಟಿಎ 6'ಕ್ಕೆ ಕಾಯ್ತಾ ಕಾಯ್ತಾ ಪಿಯುಸಿ ಮುಗಿಸಿದರು.

ಪ್ರಶ್ನೆ: ಇಷ್ಟು ಸುರಿದ ಮೇಲೆ ಗೇಮ್ ಗೆಲ್ಲಲೇಬೇಕಲ್ಲ?

ಉತ್ತರ: (ಫ್ಯಾನ್ ಜೋರಾಯಿತು) 'ಕಾಂಕಾರ್ಡ್' ಹೆಸರೆತ್ತಬೇಡಿ. ನಮ್ಮವರು ವರ್ಷಗಟ್ಟಲೆ ಕಟ್ಟಿದ ಆಟ. 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಂದ್. ಕೊಂಡವರಿಗೆ ದುಡ್ಡು ವಾಪಸ್. ಅಕ್ಟೋಬರ್‌ನಲ್ಲಿ ಸ್ಟುಡಿಯೊಗೂ ಬೀಗ. ಹದಿನಾಲ್ಕೇ ದಿನ. ನಿಮ್ಮಲ್ಲಿ ವೈಕುಂಠ ಸಮಾರಾಧನೆಗೂ ಹೆಚ್ಚುಕಡಿಮೆ ಅಷ್ಟು ದಿನ ಹಿಡಿಯುತ್ತೆ. 1983ರಲ್ಲಿ ಅಟಾರಿ ಕಂಪನಿ, ಮಾರಾಟವಾಗದ 'ಇ.ಟಿ.' ಗೇಮ್‌ನ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಹೂತಿತ್ತು. 2014ರಲ್ಲಿ ಅಗೆದಾಗ ಸಿಕ್ಕವು. ಕಾಂಕಾರ್ಡ್‌ಗೆ ಆ ಭಾಗ್ಯವೂ ಇಲ್ಲ. ಸರ್ವರ್ ಆರಿಸಿದ ಮೇಲೆ ಅಗೆದು ತೆಗೆದರೂ ಆಡೋಕೆ ಏನಿದೆ?

ಪ್ರಶ್ನೆ: ಕಡಿಮೆ ಖರ್ಚಿನವರು ಗೆದ್ದಿದ್ದಾರಲ್ಲ?

ಉತ್ತರ: ಹೊಟ್ಟೆ ಉರಿಯೋದೇ ಅಲ್ಲಿ. 'ಬಲಾಟ್ರೊ' ಒಬ್ಬನೇ ಕೂತು ಮಾಡಿದ ಇಸ್ಪೀಟು ಆಟ. ಆಸ್ಟ್ರೇಲಿಯದ ಒಂದು ಪುಟ್ಟ ತಂಡದ 'ಸಿಲ್ಕ್‌ಸಾಂಗ್' 2025ರ ಸೆಪ್ಟೆಂಬರ್‌ನಲ್ಲಿ 20 ಡಾಲರ್‌ಗೆ ಬಂತು, ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಕುಸಿದವು. ಅದೇ ವರ್ಷದ ಶ್ರೇಷ್ಠ ಗೇಮ್ ಪ್ರಶಸ್ತಿ ಹೊಡೆದದ್ದು ಫ್ರಾನ್ಸಿನ ಮೂವತ್ತು ಚಿಲ್ಲರೆ ಜನರ ತಂಡ. ಕೂದಲು ಎಣಿಸಿದವರಿಗೆ ಸಿಗದ ಗೆಲುವು ಆಟ ಕಟ್ಟಿದವರಿಗೆ ಸಿಕ್ಕಿತು. ಇದನ್ನ ನಮ್ಮ ಯಜಮಾನರ ಮುಂದೆ ಹೇಳಬೇಡಿ.

ಪ್ರಶ್ನೆ: ಮುಂದೆ ಕನ್ಸೋಲ್ ಎಂಬುದೇ ಇರುವುದಿಲ್ಲ ಎನ್ನುತ್ತಾರೆ.

ಉತ್ತರ: ಎದುರುಮನೆಯವರು 2024ರಲ್ಲೇ ಜಾಹೀರಾತು ಕೊಟ್ಟರು. ಫೋನೂ ಎಕ್ಸ್‌ಬಾಕ್ಸ್, ಟಿವಿಯೂ ಎಕ್ಸ್‌ಬಾಕ್ಸ್, ಲ್ಯಾಪ್‌ಟಾಪೂ ಎಕ್ಸ್‌ಬಾಕ್ಸ್ ಅಂತ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ನಾವು ಸಾಯಲ್ಲ ಸ್ವಾಮಿ. ಆದರೆ ಮಧ್ಯಮ ವರ್ಗದವರ ಮನೆಯಿಂದ ಮೆಲ್ಲಗೆ ಎದ್ದು ಹೋಗ್ತೀವಿ. ಮುತ್ತಜ್ಜನಿಗೆ 16 ಕೋಟಿ ಮನೆ ಕೊಟ್ಟದ್ದು ವರ್ಷ ಕಳೆದಂತೆ ಇಳಿದ ಬೆಲೆ. ಅದನ್ನು ನಮ್ಮವರು ಮರೆತಿದ್ದಾರೆ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಒಂದು ಮಾತು?

ಉತ್ತರ: ಪ್ಲೇಸ್ಟೇಷನ್ 6 ಯಾವಾಗ, ಎಷ್ಟು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಹೊಟ್ಟೆಯಲ್ಲಿ, ಹಬ್ಬದ ರಿಯಾಯಿತಿಯಲ್ಲಿ ನೀವು ಕೊಂಡು ಒಂದು ದಿನವೂ ತೆರೆಯದ ಗೇಮ್ ಹನ್ನೊಂದಿವೆ. ಮೊದಲು ಅವನ್ನು ಆಡಿ ಮುಗಿಸಿ.